ತಗಡಿನ ಗಂಗಪ್ಪ

ಕೂಡ್ಲಿಗಿಯಿಂದ ಹಡಗಲಿವರೆಗೆ, ಕೊಟ್ಟೂರಿನಿಂದ ಹರಪನಹಳ್ಳಿವರೆಗೆ ಕುಂಚ ಹಿಡಿದವರಲ್ಲಿ ತನ್ನ ಸರಿಸಮ ಒಬ್ಬನೂ ಇಲ್ಲವೆಂಬ ವಿಷಯದಲ್ಲಿ ಪಕ್ಕೀರಪ್ಪನಿಗೆ ತೊಟ್ಟಿಲಲ್ಲಿದ್ದಾಗಿನಿಂದಲೂ ಸಂಶಯವಿರಲಿಲ್ಲ. ಇವತ್ತು ಬೆಳಿಗ್ಗೆ ಮಾತ್ರ, ಹಗರಿಬೊಮ್ಮನಹಳ್ಳಿಯ ಚಹಾದಂಗಡಿಯ ಬೆಂಚಿನ ತುದಿಗೆ ಕೂತು ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದಾಗ, ರಸ್ತೆಯಾಚೆಯ ತಗಡಿನ ಬೇಲಿಯ ಮೇಲಿಂದ ತಾನೇ ಬರೆದ ಮುಖ ತನ್ನನ್ನು ನೋಡುತ್ತಿರುವುದು ಕಂಡು, ಇಷ್ಟು ಚೆನ್ನಾಗಿ ಬರೆಯಬಾರದಾಗಿತ್ತು ಎನಿಸಿತು. ಆ ಮುಖವೇನು ಸಾಮಾನ್ಯವೇ? ಆಳೆತ್ತರದ ತಗಡು, ತಗಡಿನ ತುಂಬ ಒಂದೇ ಮುಖ. ಗಾಡಿಯ ಗಾಲಿಗಳಂಥ ಕಣ್ಣು, ಗುಡಿಸಲಿಗೆ ಹೊದಿಸಬಹುದಾದಷ್ಟು ಮೀಸೆ, ಹೊರಚಾಚಿದ ನಾಲಿಗೆಯ ಮೇಲೆ ಒಂದು ಸಂಸಾರ ಮಲಗಿ ಏಳಬಹುದು. ಅದನ್ನು ಕಂಡು ಬಸ್ಸುಗಳು ತಾವಾಗಿಯೇ ಕೆಮ್ಮಿ ನಿಲ್ಲುತ್ತಿದ್ದವು, ಎಮ್ಮೆಗಳು ಕೆಚ್ಚಲಿಗೆ ಬಂದ ಹಾಲನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದವು, ಕಾಗೆಗಳು ಆ ತಗಡಿನ ಮೇಲೆ ಕೂರುವ ಮೊದಲು ತಮ್ಮ ಹಿರಿಯರನ್ನು ಕೇಳಿ ಬರುತ್ತಿದ್ದವು. ಅದರ ಕೆಳಗೆ ಒಂದು ಮೋಟು ಸ್ಟೂಲಿನ ಮೇಲೆ ಬೆತ್ತ ಹಿಡಿದು, ಅದೇ ಕಣ್ಣು ಅದೇ ಮೀಸೆಯ ವಾಚ್‌ಮನ್ ಗಂಗಪ್ಪ ಕೂತಿದ್ದ. ಗಂಗಪ್ಪ ಪಕ್ಕೀರಪ್ಪನ ಅಪ್ಪ. ಎರಡು ಮಳೆಗಾಲ ಕಳೆದಿದ್ದವು. ಅಪ್ಪ ಒಂದು ದಿನವೂ ಆ ಮುಖದ ಮಾತು ಎತ್ತಿರಲಿಲ್ಲ, ಮಗನೂ ಎತ್ತಿರಲಿಲ್ಲ. ಇವತ್ತು ಬೇಲಿ ಬಿಚ್ಚುವ ದಿನ. ಸಂಜೆಗೆ ಒಳಗಿನ ಹೊಸ ಟಾಕೀಸಿನಲ್ಲಿ ಮೊದಲ ಆಟ. ಆ ತಗಡು ಊರ ಗಡಿ ದಾಟುವ ಮೊದಲು ಅಪ್ಪನ ಹತ್ತಿರ ಹೋಗಿ ಒಂದು ಮಾತು ಆಡಬೇಕು, ತಪ್ಪಾಯಿತು ಅನ್ನಬೇಕೋ ಮತ್ತೇನನ್ನಬೇಕೋ, ಏನೋ ಒಂದು; ಇವತ್ತು ಆಗದಿದ್ದರೆ ಆ ಮಾತು ಇನ್ನೆಂದೂ ಬಾಯಿಗೆ ಬರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅವನು ಬಸಿಯೊಳಗಿನ ಚಹಾವನ್ನು ಊದುತ್ತಲೇ ಕೂತಿದ್ದ. ಚಹಾ ಯಾವಾಗಲೋ ಆರಿಹೋಗಿತ್ತು.

ಬೇಲಿಯೆಂದರೆ ಅದು ಅಂಥಿಂಥ ಬೇಲಿಯಲ್ಲ. ಶೇಂಗಾ ವ್ಯಾಪಾರದ ಶಿವಯೋಗಪ್ಪ ಸಾಹುಕಾರರು ಊರಿಗೊಂದು ಪಕ್ಕಾ ಟಾಕೀಸು ಕಟ್ಟಿಸುತ್ತೇನೆಂದು ಪಾಯ ತೆಗೆಸಿದ್ದು ಎಮರ್ಜೆನ್ಸಿ ಮುಗಿದ ಬೇಸಿಗೆಯಲ್ಲಿ. ಪಾಯ ತೆಗೆದದ್ದಷ್ಟೇ ಬಂತು, ಸಿಮೆಂಟಿನ ಪರ್ಮಿಟ್ಟಿಗಾಗಿ ಬಳ್ಳಾರಿಗೆ ತಿರುಗಿ ತಿರುಗಿ ಅವರ ಮೆಟ್ಟು ಸವೆದು ನೆಲಕ್ಕೆ ಅವರ ಅಂಗಾಲೇ ತಾಗುವಂತಾಯಿತು, ಗೋಡೆ ಮಾತ್ರ ಮೊಣಕಾಲು ದಾಟಲಿಲ್ಲ. ಬಸ್ಸಿಳಿದವರೆಲ್ಲ ಹೊಂಡದೊಳಕ್ಕೆ ಇಣುಕಿ, ಸಾಹುಕಾರರು ಬಾವಿ ತೋಡಿಸುತ್ತಿದ್ದಾರೇನು ಎಂದು ಕೇಳತೊಡಗಿದಾಗ ಸುತ್ತಲೂ ತಗಡು ಹೊಡೆಸಿದರು. ಆ ತಗಡು ಬಿಸಿಲಿಗೆ ಹೊಳೆದು ಎದುರಂಗಡಿಯವರ ಕಣ್ಣು ಕುಕ್ಕಿತು. ಆಗ ಗಂಗಪ್ಪ, ತಂಬ್ರಹಳ್ಳಿಯಿಂದ ಆ ಕಟ್ಟಡದ ಕಾವಲಿಗೆಂದು ಬಂದು ಇನ್ನೂ ತಿಂಗಳಾಗಿರದವನು, ಚಪ್ಪಲಿ ದೂರ ಬಿಟ್ಟು ಕೈಕಟ್ಟಿ ನಿಂತು ಸಾಹುಕಾರರಿಗೆ ಹೇಳಿದ್ದ: “ನನ್ನ ಮಗ ದಾವಣಗೆರಿಯಾಗ ಚಿತ್ರ ಕಲ್ತು ಬಂದಾನ್ರಿ ಸಾವ್ಕಾರ್ರ. ಅವನ ಕೈ ಅಂದ್ರ ನಮ್ಮಂಥೋರ ಕೈಯಲ್ರಿ ಅದು. ಅವ ಬೆಂಕಿ ಬರದಾ ಅಂದ್ರ ನೀವು ಅದಕ್ಕ ಬೀಡಿ ಹಚ್ಚಿಗೋಬೋದ್ರಿ.” ಬಡಾಯಿ ಆ ಮನೆಯಲ್ಲಿ ಮಗನಿಂದ ಸುರುವಾದದ್ದಲ್ಲ. ಸಾಹುಕಾರರು ನಕ್ಕು, “ಬರೀಲಿ ಬಿಡಪಾ. ಹೆಂಗೂ ಆಟ ಸುರು ಆಗಾದ್ರಾಗ ಬಿಚ್ಚಿ ಒಗಿಯಾದ ಐತಿ. ಕೆಡಿಸಿದ್ರೂ ನಮ್ಮದೇನು ಹೋಗ್ತೈತಿ?” ಎಂದರು.

ಬಿಚ್ಚಿ ಒಗೆಯುವುದೇ ಇದೆ ಎಂಬ ಮಾತು ಪಕ್ಕೀರಪ್ಪನ ಕಿವಿಗೆ ಬೀಳಲೇ ಇಲ್ಲ, ಅಥವಾ ಬಿದ್ದದ್ದು ಅರ್ಥವಾಗಲಿಲ್ಲ. ಲಾರಿಗಳ ಬೆನ್ನಿಗೆ ಹೆಸರು ಬರೆಯುತ್ತಿದ್ದ ಹರಪನಹಳ್ಳಿಯ ಸೋಮಪ್ಪನನ್ನು ಕರೆಸಿಕೊಂಡ. ಡ್ರಾಯಿಂಗ್ ಪರೀಕ್ಷೆಗೆ ಕೂತು ಕೆಲಸ ಸಿಗದೆ ಅಲೆಯುತ್ತಿದ್ದ ಇನ್ನೂ ಕೆಲವರು ಡಬ್ಬಿ ಕುಂಚ ಹಿಡಿದು ಬಂದರು. ಒಬ್ಬೊಬ್ಬರಿಗೆ ಒಂದೊಂದು ಕಡೆ ಹಂಚಿಕೊಟ್ಟು, ಜನ ನಿಂತು ನೋಡುವ ಬಾಗಿಲ ಪಕ್ಕವನ್ನು ಪಕ್ಕೀರಪ್ಪ ತಾನಿಟ್ಟುಕೊಂಡ. ಸೋಮಪ್ಪ ತನ್ನ ಪಾಲಿಗೆ ಆನೆಯೊಂದು ರೈಲು ಎಳೆಯುವುದನ್ನು ಬರೆದು ನಾಲ್ಕು ದಿನದಲ್ಲಿ ಮುಗಿಸಿ ಬೀಡಿ ಸೇದುತ್ತ ಕೂತ. ಪಕ್ಕೀರಪ್ಪ ಮಾತ್ರ ಉಣ್ಣಲಿಲ್ಲ, ಮೀಯಲಿಲ್ಲ, ಒಬ್ಬ ಮನುಷ್ಯನನ್ನು ಬರೆದು, ಅವನ ಹೊಟ್ಟೆಯೊಳಗೆ ಇನ್ನೊಬ್ಬ ಮನುಷ್ಯ, ಆ ಇನ್ನೊಬ್ಬನೊಳಗೆ ಸುರುಳಿ ಸುರುಳಿಯಾಗಿ ಬರೀ ನೀಲಿ ತುಂಬಿ, ಇದನ್ನು ನೋಡಲು ಬೊಂಬಾಯಿಯಿಂದ ಜನ ರೈಲು ಹತ್ತುತ್ತಾರೆ ಎಂದುಕೊಂಡ. ಮೊದಲ ದಿನವೇ ಹಿರೇಹಡಗಲಿಯ ಮುದುಕಿಯೊಬ್ಬಳು ಬಸ್ಸಿಳಿದು ಬಂದು ಬಹಳ ಹೊತ್ತು ನೋಡಿ, “ಈ ಹೊಟ್ಟಿಹುಳದ ಔಷಧ ಎಲ್ಲಿ ಕೊಡ್ತಾರಪಾ? ಗುಳಿಗೀನೋ, ಕುಡಿಯಾದೋ?” ಎಂದು ಕೇಳಿದಳು. ಸೋಮಪ್ಪ ನಕ್ಕ ನಗೆಗೆ ಹರಪನಹಳ್ಳಿಯಲ್ಲಿ ಅವನ ಹೆಂಡತಿ ಬೆಚ್ಚಿ ಎದ್ದು ಕೂತಿರಬೇಕು.

ಹೊಸ ಗೋಡೆಯ ಒಂದು ಮೂಲೆ ಗಾಳಿಗೆ ಕುಸಿದದ್ದು ಅದೇ ವಾರ. ಸಾಹುಕಾರರ ತಾಯಿ ನಾಗಲಿಂಗಮ್ಮ ಕೋಲೂರಿಕೊಂಡು ಬಂದು, ಕುಸಿದ ಇಟ್ಟಿಗೆಗಳನ್ನು ನೋಡಿ, ದೃಷ್ಟಿಯಾಗಿದೆ ಎಂದಳು. ಕಟ್ಟುವ ಮನೆಯ ಮುಂದೆ ದೃಷ್ಟಿಬೊಂಬೆ ಕಟ್ಟುವುದು ಎಲ್ಲ ಕಡೆಯೂ ಇದ್ದದ್ದೇ; ಇಲ್ಲಿಯೂ ಹಳೆಯ ಅಂಗಿ ಪ್ಯಾಂಟಿಗೆ ಹುಲ್ಲು ತುಂಬಿ ಕಟ್ಟಿದ್ದರು, ಅದನ್ನು ಯಾರದೋ ಹಸು ಸೊಂಟದ ತನಕ ತಿಂದು ಹೋಗಿತ್ತು. “ಏನಪಾ, ದೊಡ್ಡ ಚಿತ್ರಗಾರ ಅಂತಿ,” ಎಂದು ಅವಳು ಪಕ್ಕೀರಪ್ಪನನ್ನು ಕೋಲಿನಿಂದ ತೋರಿಸಿದಳು, “ಹುಳದ ಔಷಧ ಬರದಿದ್ದು ಸಾಕು. ಒಂದು ದೃಷ್ಟಿ ಮುಖ ಬರಿ. ತಗಡಿನ ಮ್ಯಾಲ ಬರಿ, ಯಾವ ದನ ತಿಂತೈತಿ ನೋಡೋಣು. ಬಸುರಿ ನೋಡಿದ್ರ ಅಲ್ಲೇ ಹಡೀಬೇಕು, ಅಂಥಾ ಮುಖ ಇರಬೇಕು.” ಸೋಮಪ್ಪ ಹಿಂದಿನಿಂದ ಪಿಸುಗುಟ್ಟಿದ: “ಇವ ಬರದಾ ಅಂದ್ರ ಬಸುರಿ ಅಲ್ದಾಕೀನೂ ಹಡೀತಾಳ ಬಿಡ್ರಿ ಅವ್ವಾರ.”

ಒಂದು ಮಧ್ಯಾಹ್ನದ ಕೆಲಸ ಅದು. ಕೆಲಸ ಎನ್ನುವುದಕ್ಕೂ ನಾಚಿಕೆ. ಏಣಿಯ ಮೇಲೆ ನಿಂತು, ಬೊಂಬಾಯಿಯಿಂದ ಬರಬೇಕಾಗಿದ್ದ ಜನ ಯಾಕೆ ಬರಲಿಲ್ಲವೆಂದು ಕುದಿಯುತ್ತ, ಲಾರಿಗೆ ಬಳಿದು ಉಳಿದಿದ್ದ ಕೆಂಪನ್ನು ಸುರಿದುಕೊಂಡು ಪಕ್ಕೀರಪ್ಪ ಕುಂಚ ಆಡಿಸಿದ. ಮನಸ್ಸು ಎಲ್ಲೋ, ಕೈ ಎಲ್ಲೋ. ಕೈ ತನ್ನ ಪಾಡಿಗೆ ಹುಬ್ಬು ಎಳೆಯಿತು, ರೆಪ್ಪೆಯಿಂದ ಹೊರಕ್ಕೆ ಉರುಳುವಂತೆ ಗುಡ್ಡೆ ಇಟ್ಟಿತು, ಬಾಯಿ ತೆರೆಸಿತು. ಕೆಳಗಿಳಿದು ಕೈ ಒರೆಸಿಕೊಳ್ಳುತ್ತಿದ್ದಾಗ ಸೋಮಪ್ಪ ಬೀಡಿ ಬಾಯಿಂದ ತೆಗೆದು, “ಲೇ ಪಕ್ಕೀರ, ನಿಮ್ಮಪ್ಪನ್ನ ಯಾಕ ಮ್ಯಾಲ ಹತ್ತಿಸಿದ್ಯಲೇ?” ಎಂದ. ಪಕ್ಕೀರಪ್ಪ ನಕ್ಕ. ನಗುತ್ತಲೇ ತಿರುಗಿ ನೋಡಿದ. ನಾಲಿಗೆ ರಾಕ್ಷಸನದು, ಕೋರೆಹಲ್ಲು ರಾಕ್ಷಸನದು, ಉಳಿದದ್ದೆಲ್ಲ ಅಪ್ಪ. ಮೂಗಿನ ಎಡಕ್ಕಿದ್ದ ನರಹುಲಿಯನ್ನು ಕೂಡ ಕೈ ಮರೆತಿರಲಿಲ್ಲ.

ಆ ಕಣ್ಣುಗಳನ್ನು ಹಾಗೆ ಅವನು ಒಮ್ಮೆ ನೋಡಿದ್ದ. ತಂಬ್ರಹಳ್ಳಿಯ ಮನೆ, ಮಣ್ಣಿನ ಜಗಲಿ, ಮೈಯೆಲ್ಲ ಕಾದ ಹೆಂಚು. ಜ್ವರದಲ್ಲಿ ಮಲಗಿದ್ದ ಅವನಿಗೆ ಬಾಗಿಲಿನ ಬಿಳಿ ಬಿಸಿಲಷ್ಟೇ ಕಾಣುತ್ತಿತ್ತು; ಆ ಬಿಸಿಲನ್ನು ಪೂರ್ತಿ ಮುಚ್ಚಿ ಒಂದು ಮುಖ ಅವನ ಮೇಲೆ ಬಾಗಿತ್ತು, ಕಣ್ಣು ಕಿತ್ತು ಬೀಳುವ ಹಾಗೆ, ಬಾಯಿ ತೆರೆದು, ಶಬ್ದವಿಲ್ಲದೆ. ಹುಡುಗ ಚಿಟ್ಟನೆ ಚೀರಿದ್ದ. ದೆವ್ವ ಬಂತೆಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ್ದ. ಆ ಹೊತ್ತಿಗೆ ಮನೆಯವರೆಲ್ಲ ಹುಡುಗ ಉಳಿಯುವುದಿಲ್ಲವೆಂದು ಕೈಬಿಟ್ಟಿದ್ದರಂತೆ. ಹೊಸಪೇಟೆಗೆ ನಡೆದುಹೋಗಿ ಔಷಧ ತಂದ ಅಪ್ಪ, ಚಪ್ಪಲಿ ಬಿಚ್ಚುವುದಕ್ಕೂ ನಿಲ್ಲದೆ, ಉಸಿರಿದೆಯೋ ಇಲ್ಲವೋ ಎಂದು ಬಾಗಿ ನೋಡುತ್ತಿದ್ದನಂತೆ. ಮಗ ಚೀರಿದ್ದು ಕೇಳಿ ಅಪ್ಪ ಅಂಗಳಕ್ಕೆ ಹೋಗಿ ಕುಣಿದನೆಂದು ಅವ್ವ ಹೇಳುತ್ತಿದ್ದಳು. ಹೆದರಿಸಿದ ಮುಖ ಎಂದು ಅವನು ಇಟ್ಟುಕೊಂಡಿದ್ದದ್ದು ಹೆದರಿ ನಡುಗುತ್ತಿದ್ದ ಮುಖವಾಗಿತ್ತು. ಇದು ಅವನಿಗೆ ಹೊಳೆದದ್ದು ಏಣಿಯಿಂದ ಇಳಿದ ದಿನವಲ್ಲ, ಮರುದಿನವೂ ಅಲ್ಲ. ಇಡೀ ಊರು ಆ ಮುಖಕ್ಕೆ ಉಗುಳಿ ಉಗುಳಿ ಸಾಕಾದ ಮೇಲೆ.

ಅಳಿಸಬಹುದಾಗಿತ್ತು. ಒಂದು ಚಿಂದಿ, ಒಂದಿಷ್ಟು ಸೀಮೆಎಣ್ಣೆ, ಅರ್ಧ ಗಳಿಗೆ. ಆದರೆ ಅಷ್ಟರಲ್ಲಿ ನಾಗಲಿಂಗಮ್ಮ ಬಂದು ತೆಂಗಿನಕಾಯಿ ಒಡೆದು, ಆ ಕಣ್ಣುಗಳ ನಡುವೆ ಬೂದಿಗುಂಬಳದ ರಸ ಕುಂಕುಮ ಹಚ್ಚಿ ಆಗಿತ್ತು. ಪಕ್ಕೀರಪ್ಪ ಅವಳ ಮನೆಯ ಮೆಟ್ಟಿಲ ಕೆಳಗೆ ನಿಂತು, “ಅವ್ವಾರ, ಮೂಗು ಒಂದಿಷ್ಟು ಸೊಟ್ಟ ಆಗೈತಿ, ತಿದ್ದಿ ಬರೀತೀನ್ರಿ” ಎಂದ. “ಕಾಯಿ ಒಡದ ಮ್ಯಾಲ ಅದು ನಿಂದಲ್ಲೋ,” ಎಂದಳು ಅವಳು ಒಳಗಿನಿಂದಲೇ. “ಕಟ್ಟಡ ಮುಗಿಯಾತನ ಅದರ ಮೈ ಮುಟ್ಟಬಾರ್ದು. ಮುಟ್ಟಿದ್ರ ಅದು ತಡದದ್ದೆಲ್ಲ ಮುಟ್ಟಿದವಗ ಹತ್ತತೈತಿ.” ಅವನು ಇನ್ನೊಂದು ಮಾತು ಕೇಳಲಿಲ್ಲ. ಮೂಗಲ್ಲ, ಅದು ನನ್ನಪ್ಪನ ಮುಖ ಎನ್ನಲಿಲ್ಲ. ಮೆಟ್ಟಿಲಿನಿಂದ ರಸ್ತೆಗೆ ಬರುವ ಹೊತ್ತಿಗೆ ಎದೆ ಹಗುರಾಗಿತ್ತು; ಕೇಳಿದ್ದಾಯಿತು, ಅವರು ಒಪ್ಪಲಿಲ್ಲ. ಆ ಹಗುರವನ್ನು ನೆನೆದು ಈಗ ಬೆಂಚಿನ ಮೇಲೆ ಕೂತವನು ಬಸಿಯೊಳಗಿನ ಆರಿದ ಚಹಾವನ್ನು ನೆಲಕ್ಕೆ ಚೆಲ್ಲಿದ.

ಯಾಕೆಂದರೆ ಅದಾದ ಮೇಲೆ ಗೋಡೆ ಕುಸಿಯಲಿಲ್ಲ. ಮರುವಾರವೇ ಸಿಮೆಂಟಿನ ಪರ್ಮಿಟ್ಟು ಬಂತು. ಬಳ್ಳಾರಿಯ ಸಾಹೇಬರ ಕನಸಿನಲ್ಲಿ ಆ ಮುಖ ಹೋಗಿ ಸಹಿ ಹಾಕಿಸಿತೆಂದು ಊರೆಲ್ಲ ಹಬ್ಬಿತು, ಹಬ್ಬಿಸಿದವನು ಪಕ್ಕೀರಪ್ಪನೇ. ತೆಲಿಗಿಯಿಂದ ಬಸ್ಸು ಹತ್ತಿ ಜನ ನೋಡಲು ಬಂದರು. ಮನೆ ಕಟ್ಟಿಸುವವರು ಅವನನ್ನು ಕರೆದೊಯ್ಯತೊಡಗಿದರು. ಕೊಟ್ಟೂರಿನ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಅವನು, ನನ್ನ ಮುಖದ ಮುಂದೆ ಹಾಲು ಇಟ್ಟರೆ ಕುದಿಯುತ್ತದೆ, ಕೂಡ್ಲಿಗಿಯ ಪೋಲೀಸರು ಕಳ್ಳರಿಗೆ ತೋರಿಸಲು ಅದನ್ನು ಒಯ್ಯುತ್ತೇವೆಂದು ಬೇಡಿಕೊಂಡರು, ನಾನೇ ಕೊಡಲಿಲ್ಲ ಎಂದೆಲ್ಲ ಹೇಳಿದ. ಯಾರ ಮುಖ ಅದು ಎಂದು ಅಲ್ಲಿ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಮಾತ್ರ ಕೇಳುವ ಅಗತ್ಯವೇ ಇರಲಿಲ್ಲ. ಉಣ್ಣದ ಮಕ್ಕಳಿಗೆ ತಾಯಂದಿರು, “ತಗಡಿನ ಗಂಗಪ್ಪ ಬಂದಾ ನೋಡು” ಎನ್ನತೊಡಗಿದರು. ಕೂಸನ್ನು ಎತ್ತಿಕೊಂಡು ಆ ದಾರಿಯಲ್ಲಿ ಹೋಗುವ ಹೆಂಗಸರು ತಗಡಿನತ್ತ ಥೂ ಥೂ ಎಂದು ಉಗುಳಿ ಹೋಗುತ್ತಿದ್ದರು. ಉಗುಳು ಕೆಲವೊಮ್ಮೆ ಸ್ಟೂಲಿನ ಹತ್ತಿರ ಬೀಳುತ್ತಿತ್ತು. ಗಂಗಪ್ಪ ಎದ್ದು, ಸ್ಟೂಲನ್ನು ಗೇಣು ಆಚೆಗೆ ಸರಿಸಿ, ಮತ್ತೆ ಕೂತುಕೊಳ್ಳುತ್ತಿದ್ದ.

ಅಮಾವಾಸ್ಯೆ ಬಂದರೆ ಆ ಮುಖಕ್ಕೆ ಹಳೆಯ ಚಪ್ಪಲಿಗಳ ಸರ. ಕಟ್ಟಬೇಕಾದವನು ವಾಚ್‌ಮನ್. ಚಪ್ಪಲಿ ಹೊಲಿಯುವುದು ಆ ಮನೆಯಲ್ಲಿ ಅಜ್ಜನ ಕಾಲಕ್ಕೇ ಬಿಟ್ಟುಹೋದ ಕಸುಬು. ಆದರೂ ಬೆರಳಿಗೆ ಗೊತ್ತಿತ್ತೋ ಏನೋ, ಗಂಗಪ್ಪ ದಬ್ಬಣ ಹಿಡಿದು, ದೊಡ್ಡದು ನಡುವೆ ಬರುವಂತೆ ಸಣ್ಣವು ಅಂಚಿಗೆ ಬರುವಂತೆ ಪೋಣಿಸಿ, ಏಣಿ ಹತ್ತಿ ತನ್ನ ಮುಖದ ಕೊರಳಿಗೆ ತಾನೇ ಕಟ್ಟುತ್ತಿದ್ದ. “ಗಂಗಾ, ಇನ್ನೊಂದಿಷ್ಟು ಕೆಳಗ ಕಟ್ಟೋ, ಬಾಯಿ ಮುಚ್ಚತೈತಿ” ಎಂದು ನಾಗಲಿಂಗಮ್ಮ ರಸ್ತೆಯಲ್ಲಿ ನಿಂತು ಹೇಳುತ್ತಿದ್ದಳು. “ಹ್ಞೂಂ ರೀ ಅವ್ವಾರ.” ಇಳಿದು ಬಂದು, ಹಿಂದಕ್ಕೆ ಹೆಜ್ಜೆ ಹಾಕಿ, ಸರ ಸರಿಯಾಗಿದೆಯೋ ಇಲ್ಲವೋ ಎಂದು ತಲೆ ವಾರೆ ಮಾಡಿ ನೋಡುತ್ತಿದ್ದ. ಆಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಪಕ್ಕೀರಪ್ಪ ಬದುಕಿಕೊಳ್ಳುತ್ತಿದ್ದ. ಏನೋ ಒಂಥರದ ಸಂತೋಷ ಕಾಣುತ್ತಿತ್ತು, ಅದೇನೆಂದು ತಿಳಿಯದೆ ಮಗ ಆ ದಿನ ಬೇರೆ ಬೀದಿಯಿಂದ ಸುತ್ತಿ ಬರುತ್ತಿದ್ದ. ಅವ್ವ ಸುಂಕಮ್ಮ ಟಾಕೀಸಿನ ಬೀದಿಗೆ ಕಾಲಿಡುವುದನ್ನೇ ಬಿಟ್ಟಿದ್ದಳು. ಒಂದು ಸಲ ರೊಟ್ಟಿ ಬಡಿಯುತ್ತಿದ್ದವಳು ತಲೆಯೆತ್ತದೆ ಹೇಳಿದ್ದಳು: “ನನ್ನ ಮುಖಾನಾದ್ರೂ ಬರಿಬಾರ್ದಿತ್ತೇನೋ? ನಂದೇನು ಮನಿಯಾಗ ಇರ್ತೈತಿ. ಅವರು ಊರಾಗ ತಿರುಗೋ ಮನುಷ್ಯ.” ಅಪ್ಪ ಆ ಕ್ಷಣಕ್ಕೇ ಒಳಗೆ ಬಂದಿದ್ದ. ಮೂವರೂ ಉಂಡರು. ಜೋಳದ ರೊಟ್ಟಿ ಈ ವರ್ಷ ಬಿರುಸು ಎಂದು ಅಪ್ಪ ಹೇಳಿದ. ಹೌದು ಬಿರುಸು ಎಂದು ಮಗನೂ ಹೇಳಿದ.

“ಲೇ ಪಕ್ಕೀರ! ಬಾರಲೇ, ಸಾವ್ಕಾರ್ರು ಕರೀತಾರ!” ಸೋಮಪ್ಪ ರಸ್ತೆಯಾಚೆಯಿಂದ ಕೂಗಿದ. ಪಕ್ಕೀರಪ್ಪ ಎದ್ದ. ಅಪ್ಪನ ಸ್ಟೂಲು ಖಾಲಿಯಿತ್ತು. ಅವನು ಆಗಲೇ ಕಟ್ಟುಗಳನ್ನು ಬಿಚ್ಚುತ್ತ, ಮೊಳೆ ಕೀಳುತ್ತ ಬೇಲಿಯ ಆ ಕೊನೆಯಿಂದ ಈ ಕಡೆ ಬರುತ್ತಿದ್ದ. ಆನೆ ಎಳೆದ ರೈಲು ನೆಲಕ್ಕೆ ಮಲಗಿತ್ತು. ಹೊಟ್ಟೆಯೊಳಗಿನ ಮನುಷ್ಯನ ತಗಡನ್ನು ಇಬ್ಬರು ಕೂಲಿಗಳು ಒಯ್ದು ಬಚ್ಚಲಿಗೆ ಮರೆ ಕಟ್ಟುತ್ತಿದ್ದರು. ನೀಲಿಯ ಸುರುಳಿ ತಲೆಕೆಳಗಾಗಿತ್ತು, ಅದರಿಂದ ಏನೂ ಕೆಟ್ಟಂತೆ ಕಾಣಲಿಲ್ಲ. ತನ್ನ ಜೀವಮಾನದ ಚಿತ್ರ ಬಚ್ಚಲು ಸೇರಿತೆಂದು ಅವನಿಗೆ ದುಃಖವಾಗಬೇಕಿತ್ತು, ಆಗಲಿಲ್ಲ. ಅವನ ಕಣ್ಣು ಅಪ್ಪನ ಕೈಯಲ್ಲಿದ್ದ ಸುತ್ತಿಗೆಯ ಮೇಲಿತ್ತು. ಈಗ ಹೋಗಿ ಇನ್ನೊಂದು ಸುತ್ತಿಗೆ ಹಿಡಿದು ಪಕ್ಕದಲ್ಲಿ ನಿಂತರೆ, ಮೊಳೆ ಕೀಳುತ್ತ ಕೀಳುತ್ತ, ಒಬ್ಬರ ಮುಖ ಒಬ್ಬರು ನೋಡದೆ, ಮಾತು ತಾನಾಗಿ ಬಂದೀತು. ಆದರೆ ಸಾಹುಕಾರರು ಹೊಸ ಟಾಕೀಸಿನ ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತಿದ್ದರು. ಅವರ ಪಕ್ಕ ಹುಬ್ಬಳ್ಳಿಯಿಂದ ಪಿಚ್ಚರ್ ಡಬ್ಬಿ ತಂದ ಮರುಳಪ್ಪನೆಂಬ ಮನುಷ್ಯ, ಕರಿ ಕನ್ನಡಕ ಹಾಕಿಕೊಂಡು, ಬೇಲಿಯ ಚಿತ್ರಗಳನ್ನು ನೋಡುತ್ತಿದ್ದ.

“ಇವನ ನೋಡ್ರಿ ಆ ಮುಖ ಬರದಾವ” ಎಂದರು ಸಾಹುಕಾರರು. ಒಂದು ಹಾರ ಪಕ್ಕೀರಪ್ಪನ ಕೊರಳಿಗೆ ಬಿತ್ತು, ಇನ್ನೊಂದು ಸೋಮಪ್ಪನಿಗೆ. ಮರುಳಪ್ಪ ಕನ್ನಡಕ ತೆಗೆದು, “ಭಾಳ ಜಬರ್ದಸ್ತ್ ಕೈ ಐತಿ. ನಮ್ಮ ಕಡೆ ಬ್ಯಾನರ್ ಬರೀತಿ ಏನು? ಯಾರ ಮಗನಪಾ ನೀನು?” ಎಂದು ಕೇಳಿದ.

ಸುತ್ತಿಗೆಯ ಶಬ್ದ ನಿಂತಿತು. ನಿಂತದ್ದು ಪಕ್ಕೀರಪ್ಪನ ಬೆನ್ನಿಗೆ ಕೇಳಿಸಿತು.

“ತಂಬ್ರಹಳ್ಳಿಯವನ್ರಿ.”

“ಊರು ಯಾರು ಕೇಳಿದ್ರಪಾ? ಅಪ್ಪನ ಹೆಸರೇನು?”

ಬಾಯಿ ತೆರೆದ. ಹೆಸರು ನಾಲಿಗೆಯ ಮೇಲಿತ್ತು, ಅದೇನು ಉದ್ದದ ಹೆಸರೂ ಅಲ್ಲ. ಅಷ್ಟರಲ್ಲಿ ಶಿವಯೋಗಪ್ಪ ಸಾಹುಕಾರರು ಹೊಟ್ಟೆ ಹಿಡಿದುಕೊಂಡು, “ಹೆಸರು ಯಾಕ ಬೇಕು? ಅಗಾ, ತಗಡಿನ ಮ್ಯಾಲ ನಾಲಿಗಿ ಚಾಚ್ಕಂಡು ಅದಾನ ನೋಡ್ರಿ ಇವರಪ್ಪ!” ಎಂದರು. ಮರುಳಪ್ಪ ತಗಡು ನೋಡಿದ, ಅದರ ಕೆಳಗೆ ಸುತ್ತಿಗೆ ಹಿಡಿದು ನಿಂತವನನ್ನು ನೋಡಿದ, ಮತ್ತೆ ತಗಡು ನೋಡಿದ. ಆಮೇಲೆ ಎದ್ದ ನಗೆಗೆ ಹೊಸ ಗೋಡೆಗಳು ಬಿರುಕು ಬಿಡಬೇಕಿತ್ತು. ಸೋಮಪ್ಪ ನಗಲಿಲ್ಲ, ಹಾರದ ಹೂವು ಕೀಳುತ್ತ ನಿಂತ. ನಕ್ಕವನು ಪಕ್ಕೀರಪ್ಪ. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕ. ಸುತ್ತಿಗೆಯ ಶಬ್ದ ಮತ್ತೆ ಸುರುವಾಯಿತು.

ಆ ಒಂದು ತಗಡನ್ನು ಮಾತ್ರ ಯಾವ ಕೂಲಿಯೂ ಮುಟ್ಟಲಿಲ್ಲ. ಎರಡು ಮಳೆಗಾಲದ ಕೆಟ್ಟ ಕಣ್ಣುಗಳನ್ನೆಲ್ಲ ಕುಡಿದು ಕೂತ ತಗಡು. ಮುಟ್ಟಿದವನ ಕೈ ಸೇದಿಹೋಗುತ್ತದೆ ಎಂದರು. ನಾಗಲಿಂಗಮ್ಮ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ, “ಹೊತ್ಗೊಂಡು ಹೋಗಿ ಹಳ್ಳದಾಗ ಬಿಟ್ಟು ಬಾ ಗಂಗಾ,” ಎಂದಳು. “ಮುಖ ಮ್ಯಾಲ ಮಾಡ್ಕೋ, ಮುಗಲು ನೋಡ್ಲಿ. ಬಿಡಾತನ ಬಾಯಿ ಬಿಚ್ಚಬ್ಯಾಡ. ಹೋಗೂವಾಗೂ ಬರೂವಾಗೂ ಹೊಳ್ಳಿ ನೋಡಬ್ಯಾಡ. ಲೇ, ಯಾರೂ ಅವನ ಹೆಸರು ಹಿಡಿದು ಕರೀಬ್ಯಾಡ್ರಿ.” ಗಂಗಪ್ಪ ಹೆಗಲ ಮೇಲಿನ ವಲ್ಲಿಯನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಂಡು, ತನ್ನ ಮುಖವನ್ನು ಹೊತ್ತುಕೊಂಡು ನಡೆದ. ರಸ್ತೆಯ ಎರಡೂ ಕಡೆ ಜನ ಅದರ ಕಣ್ಣಿಗೆ ಬೀಳಬಾರದೆಂದು ಗೋಡೆಯ ಕಡೆ ತಿರುಗಿ ನಿಂತರು. ಅಂಗಡಿಯವರು ಬೆನ್ನು ಮಾಡಿದರು, ಬಸ್ಸಿನೊಳಗಿದ್ದವರು ಸೆರಗು ಟವೆಲು ಮುಖಕ್ಕೆ ಎಳೆದುಕೊಂಡರು. ಇಡೀ ಹಗರಿಬೊಮ್ಮನಹಳ್ಳಿಯೇ ಬೆನ್ನಾಯಿತು. ಆ ಬೆನ್ನುಗಳ ನಡುವೆ ಒಬ್ಬನೇ ಹೋಗುತ್ತಿದ್ದ. ಗಾಳಿಗೆ ತಗಡಿನ ಹಿಂಭಾಗ ಎದ್ದೆದ್ದು ಬೀಳುತ್ತಿತ್ತು, ಅದರ ಜೊತೆ ಅವನ ಕೊರಳು ಅತ್ತಿತ್ತ ಹೊಯ್ದಾಡುತ್ತಿತ್ತು.

ಪಕ್ಕೀರಪ್ಪ ಯಾವಾಗ ಮೆಟ್ಟಿಲಿಳಿದ, ಹಾರವನ್ನು ಯಾರ ಕೈಗೆ ಕೊಟ್ಟ, ಅವನಿಗೇ ತಿಳಿಯಲಿಲ್ಲ. ಕರೆಯುವಂತಿರಲಿಲ್ಲ. ಓಡಿಹೋಗಿ ತಗಡಿನ ಹಿಂದಿನ ಅಂಚು ಹಿಡಿದ. ಅಂಚು ಅಂಗೈ ಕೊಯ್ಯಿತು. ಮುಂದಿನ ಹೆಜ್ಜೆಗಳು ಒಂದು ಕ್ಷಣ ತಡೆದವು, ಆಮೇಲೆ ಸರಾಗವಾದವು. ಅಪ್ಪ ಹೊಳ್ಳಿ ನೋಡಲಿಲ್ಲ. ಹಾಗೆ ಇಬ್ಬರೂ ಊರು ದಾಟಿದರು. ತಾನು ಬರೆದ ಆ ಕಣ್ಣುಗಳು ಎದೆಯ ಮಟ್ಟದಲ್ಲಿ ಮುಗಿಲು ನೋಡುತ್ತ ಮಲಗಿದ್ದವು, ಇಷ್ಟು ಹತ್ತಿರದಿಂದ ಅವನ್ನು ಅವನು ಬರೆದ ದಿನದಿಂದೀಚೆಗೆ ನೋಡಿರಲಿಲ್ಲ. ಬಣ್ಣ ಬಿಸಿಲಿಗೆ ಸುಲಿದು ಹಕ್ಕಳೆ ಎದ್ದಿತ್ತು. ರಾಕ್ಷಸನ ನಾಲಿಗೆ, ಕೋರೆಹಲ್ಲು ಮಾಸಿಹೋಗಿದ್ದವು. ಕಣ್ಣು ಹಾಗೇ ಇದ್ದವು.

ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟಿತ್ತು. ಜಾಲಿಗಿಡಗಳ ಕೆಳಗೆ ಒಡೆದ ಕುಂಬಳಕಾಯಿ, ಯಾವ್ಯಾವುದೋ ಮನೆಗಳ ಬೊಂಬೆಗಳ ತಲೆ. ತಗಡನ್ನು ನೀರಿಗೆ ಇಳಿಸಿ, ಮುಖ ಕೆಳಗೆ ಮಾಡಿ, ಮೇಲೊಂದು ಕಲ್ಲಿಟ್ಟರು. ಗಂಗಪ್ಪ ದಂಡೆಗೆ ಬಂದು, ಸಿಂಬಿ ಬಿಚ್ಚಿ ಕೊರಳು ಒರೆಸಿಕೊಂಡು, ಕೂತ.

“ನೀನಾ? ಭಾರ ಒಮ್ಮಿಗೇ ಹಗುರಾತಲ್ಲ ಅಂತ ಅನ್ಕಂಡೆ” ಎಂದ. ಬೀಡಿ ಹಚ್ಚಿದ. ಒಂದು ದಮ್ಮು ಎಳೆದು, ನೀರನ್ನೇ ನೋಡುತ್ತ ಕೇಳಿದ: “ಲೇ ತಮ್ಮ, ಒಂದು ಮಾತು ಕೇಳ್ತೀನಿ. ಖರೇ ಹೇಳು.”

“ಕೇಳಪ್ಪ.”

“ಅದನ್ನ ಬೇಕಂತ ಬರದ್ಯೋ? ಇಲ್ಲಾ, ಬರಿಯಾಕ ಹೋದಾಗ ತಾನ ಬಂತೋ?”

ಇದೇ ಆ ಮಾತು. ಎರಡು ಮಳೆಗಾಲ ಬಾಯಿಗೆ ಬಾರದ್ದನ್ನು ಅಪ್ಪನೇ ಎತ್ತಿ ಕೈಗಿಟ್ಟಿದ್ದ. ತಾನ ಬಂತು ಎಂದರೆ? ರಾಕ್ಷಸನನ್ನು ಬರೆಯಲು ಹೋದವನ ಕೈಗೆ ಹೆತ್ತ ಅಪ್ಪ ಬಂದ ಎಂದರೆ, ಮಗನ ಒಳಗೆ ಅಪ್ಪ ಹೀಗಿದ್ದಾನೆ ಎಂದಲ್ಲವೇ ಅರ್ಥ. ಹಾಗೆ ಯಾವ ಬಾಯಿಂದ ಹೇಳುವುದು? ಬೇಕೆಂದು ಬರೆದೆ ಎಂದರೆ ಹುಡುಗಾಟ, ಹೆಚ್ಚೆಂದರೆ ಸೊಕ್ಕು. ಅದನ್ನು ಯಾವ ಅಪ್ಪನಾದರೂ ಬೈದು ಮರೆಯುತ್ತಾನೆ. ಜ್ವರದ ಆ ಮಧ್ಯಾಹ್ನವನ್ನು ಹೇಳಿಬಿಡಬಹುದಿತ್ತು. ಆದರೆ ಅದಕ್ಕೆ ಬೇಕಾದ ಸಣ್ಣ ದನಿ ಅವನಲ್ಲಿ ಇರಲಿಲ್ಲ, ಅಂಥ ದನಿಯಲ್ಲಿ ಅವನು ಎಂದೂ ಏನನ್ನೂ ಹೇಳಿದವನಲ್ಲ. ಬಾಯಿಗೆ ರೂಢಿಯಿದ್ದದ್ದೇ ಬಂತು.

“ಬೇಕಂತನ ಬರದೆ ಯಪ್ಪಾ. ತಿಳದಾ ಬರದೆ. ಅಂಥಾ ಮುಖ ಬೇಕಂದ್ರ ಎಲ್ಲಿ ತರ್ಲಿ? ಐದು ತಾಲೂಕು ಜಾಲಾಡಿದೆ, ಒಬ್ಬೊಬ್ಬರ ಮುಖ ನೋಡಿದೆ. ನಿನ್ನ ಕಣ್ಣಿನಂಥಾ ಕಣ್ಣು ಎಲ್ಲೂ ಸಿಗಲಿಲ್ಲ. ಕಡೀಕ ನಿಂದ ಆರಿಸಿದೆ.”

ಗಂಗಪ್ಪ ಬೀಡಿ ಸೇದಿದ. “ಹೌದಾ,” ಎಂದ. “ಆರಿಸಿ ಬರದಿ ಅನ್ನು.” ನಕ್ಕ. “ನಾ ಅದನ್ನ ತಾನ ಬಂದೈತಿ ಅಂತ ತಿಳ್ಕಂಡಿದ್ದೆ ನೋಡು. ಹುಡುಗ ಏನೋ ಬರಿಯಾಕ ಹೋಗ್ಯಾನ, ಕೈಯಾಗ ನಾ ಬಂದೀನಿ, ಅವಗೂ ಗೊತ್ತಾಗಿಲ್ಲ ಅಂತ. ಒಳಗ ಇದ್ದದ್ದಲ್ಲೇನು ಕೈಗೆ ಬರಾದು? ಮಂದಿ ಉಗುಳಿದಾಗೆಲ್ಲ ಅದನ್ನ ನೆನಸ್ಕಂತಿದ್ದೆ. ಉಗುಳ್ಲಿ ಬಿಡು, ನನ್ನ ಮಗ ನನ್ನ ಇಟ್ಕಂಡಾನ ಅಂತ.” ಬೀಡಿಯನ್ನು ಮರಳಿಗೆ ಒತ್ತಿ ಆರಿಸಿದ. “ಹುಚ್ಚಪ್ಪ ನಾನು. ನೀನು ಕಲ್ತಾವ, ತಿಳದ ಬರದಿರ್ತಿ.”

“ಇಲ್ಲಪ್ಪ!” ಪಕ್ಕೀರಪ್ಪ ಎದ್ದು ನಿಂತ. “ಇಲ್ಲಪ್ಪ, ಈಗ ಹೇಳಿದ್ದು ಸುಳ್ಳು. ತಾನ ಬಂತು. ಖರೇನ ತಾನ ಬಂತು. ನಿನ್ನ ಆಣಿ. ಸಣ್ಣಾವಿದ್ದಾಗ ನನಗ ಜ್ವರ ಬಂದಿತ್ತಲ್ಲ, ಆವಾಗ ನೀನು...” ದನಿ ಏರಿತು, ಕೈಗಳು ಗಾಳಿಯಲ್ಲಿ ಅಗಲವಾದವು, ಮತ್ತು ಅವನ ಕಿವಿಗೇ ಅದು ಕೊಟ್ಟೂರಿನ ಖಾನಾವಳಿಯಲ್ಲಿ ಹಾಲು ಕುದಿಯುತ್ತದೆಂದು ಬಡಾಯಿ ಹೊಡೆದ ದನಿಯಂತೆ ಕೇಳಿಸಿತು. ಅಲ್ಲಿಗೇ ನಿಂತ.

“ಇರ್ಲಿ ಬಿಡೋ,” ಎಂದ ಗಂಗಪ್ಪ, ಮೊಣಕಾಲಿಗೆ ಕೈಯೂರಿ ಏಳುತ್ತ. ಮಗನ ಅಂಗೈಯ ಕೊಯ್ತ ನೋಡಿ, ತನ್ನ ವಲ್ಲಿಯ ಒಂದು ಅಂಚು ಹರಿದು ಸುತ್ತಿದ. ಗಂಟು ಹಾಕುವಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅಮಾವಾಸ್ಯೆಗಳಲ್ಲಿ ಕಾಣುತ್ತಿದ್ದ ಆ ಸಂತೋಷವೂ ಇರಲಿಲ್ಲ. “ನನ್ನ ಸಮಾಧಾನಕ್ಕ ನೀ ಯಾಕ ಸುಳ್ಳು ಹೇಳ್ತಿ. ಚಲೋ ಬರದಿದ್ದಿ. ಅಷ್ಟು ಸಾಕು. ನಡಿ, ನಿಮ್ಮವ್ವ ಉಣ್ಣದ ಕುಂತಿರ್ತಾಳ.”

ಗಂಗಪ್ಪ ಮುಂದೆ ನಡೆದ. ಪಕ್ಕೀರಪ್ಪ ಕೆಲವು ಹೆಜ್ಜೆ ಹಿಂದೆ. ಜಾಲಿಯ ಸಾಲು ಮುಗಿದು ಬಟ್ಟಬಯಲಿನ ಕಾಲುದಾರಿ ಬಂತು. ಅವನು ಈ ಸಲ ಕೈಯಾಡಿಸಲಿಲ್ಲ, ದನಿ ಏರಿಸಲಿಲ್ಲ. “ಯಪ್ಪಾ,” ಎಂದ, “ತಾನ ಬಂತು.” ಅಪ್ಪ ಹೊಳ್ಳಿ ನೋಡಲಿಲ್ಲ. ಹೊಳ್ಳಿ ನೋಡಬಾರದೆಂದು ಹೇಳಿ ಕಳಿಸಿದ್ದರು.